ಮೇಕೆಗೆ ಹೇಳುವ ಮಾತು

ಸೋಮವಾರ ಮಧುಗಿರಿ, ಮಂಗಳವಾರ ಶಿರಾ, ಬುಧವಾರ ನಮ್ಮೂರು ಕೊರಟಗೆರೆ, ಗುರುವಾರ ಪಾವಗಡ. ಏಳು ವರ್ಷದಿಂದ ಇದೇ ನನ್ನ ವಾರ. ನಾಲ್ಕೂ ಊರಿನ ಕಾಲೇಜುಗಳಲ್ಲಿ ಡಿಗ್ರಿ ಕೊನೆಯ ವರ್ಷದ ಮಕ್ಕಳಿಗೆ ಆಫೀಸಿನ ಇಂಗ್ಲಿಷು, ಆಫೀಸಿನಲ್ಲಿ ಮಾತಾಡುವ ರೀತಿ ಕಲಿಸುತ್ತೇನೆ. ಕಾಲೇಜಿನವರು ನನ್ನನ್ನು ತಮ್ಮವಳು ಅನ್ನುವುದಿಲ್ಲ, ಯಾಕೆಂದರೆ ನನ್ನನ್ನು ಕಳಿಸುವುದು ಒಂದು ತರಬೇತಿ ಸಂಸ್ಥೆ. ಸಂಸ್ಥೆಯವರೂ ತಮ್ಮವಳು ಅನ್ನುವುದಿಲ್ಲ, ಯಾಕೆಂದರೆ ನನ್ನದು ವರ್ಷಕ್ಕೊಮ್ಮೆ ಹೊಸದಾಗಬೇಕಾದ ಒಪ್ಪಂದ. ಏಪ್ರಿಲ್ ಬಂತೆಂದರೆ ಜೂನ್ ತಿಂಗಳ ಭಯ ಹಿಡಿಯುತ್ತದೆ. ಇಂಥ ನಾನು ಮಕ್ಕಳಿಗೆ ಆತ್ಮವಿಶ್ವಾಸ ಕಲಿಸುತ್ತೇನೆ, ನಗಬೇಡಿ.

ಕಲಿಸುವುದೇನು ಮಹಾ? ನೆಟ್ಟಗೆ ನಿಲ್ಲು, ಎದುರಿನವರ ಕಣ್ಣು ನೋಡು, ಕೈ ಕುಲುಕುವಾಗ ಸತ್ತ ಮೀನಿನ ಥರ ಕೈ ಕೊಡಬೇಡ, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳು. ಪಾವಗಡದ ಮಕ್ಕಳು ಅರ್ಧ ಕನ್ನಡ ಅರ್ಧ ತೆಲುಗು ಕಲಸಿ ಇಂಗ್ಲಿಷಿಗೂ ‘ಅಲ್ಲವಾ ಮೇಡಂ’ ಅನ್ನಲು ಒಂದು ‘ಕದಾ ಮೇಡಂ’ ಸೇರಿಸುತ್ತಾರೆ. ಅದನ್ನು ಬಿಡಿಸುತ್ತೇನೆ. ಶಿರಾದಲ್ಲಿ ಒಬ್ಬಳು ಮಾತು ಮಾತಿಗೂ ‘ಜೀ’ ಅನ್ನುತ್ತಿದ್ದಳು, ಎಷ್ಟು ಚಂದದ ದನಿಯಲ್ಲಿ ಅನ್ನುತ್ತಿದ್ದಳು. ಅದನ್ನೂ ಬಿಡಿಸಿದೆ. ಉಪಕಾರ ಮಾಡುತ್ತಿದ್ದೇನೆ ಅಂತಲೇ ನಂಬಿದ್ದೆ.

ಆ ವರ್ಷ ಮಧುಗಿರಿಯ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಮಿಡಿಗೇಶಿ ಕಡೆಯವಳು, ಬಿಕಾಂ ಓದುತ್ತಿದ್ದಳು. ಮನೆಯಲ್ಲಿ ಕುರಿ, ಮೇಕೆ. ಅಪ್ಪ, ಅಜ್ಜಿ ಇಬ್ಬರೂ ಬೆಳಿಗ್ಗೆ ಮಂದೆಯ ಹಿಂದೆ ಹೋದರೆ ಮನೆ ಸೇರುವುದು ಸಂಜೆಗೇ. ರಜೆಯ ದಿನ ತಾನೂ ಕುರಿ ಮೇಯಿಸಲು ಹೋಗುತ್ತೇನೆ ಅಂತ ಮೊದಲ ದಿನವೇ ಎದ್ದು ನಿಂತು ಹೇಳಿದ್ದಳು. ಅಪ್ಪ ಕೃಷಿ ಮಾಡುತ್ತಾರೆ ಅಂತ ಮಾತ್ರ ಹೇಳಿ ಕೂರುವ ಮಕ್ಕಳ ನಡುವೆ ಅದು ನನಗೆ ಹಿಡಿಸಿತು.

ಎರಡನೇ ವಾರ ಒಂದು ಆಟ ಆಡಿಸುತ್ತೇನೆ. ನಾನು ಮ್ಯಾನೇಜರು, ಮಕ್ಕಳು ನೌಕರರು. ನಿಮ್ಮ ತಲೆಯ ಮೇಲಿನ ಫ್ಯಾನು ಕೆಟ್ಟು ಹದಿನೈದು ದಿನ ಆಗಿದೆ, ಬಂದು ನನಗೆ ಹೇಳಿ. ಇಷ್ಟೇ. ಇಷ್ಟಕ್ಕೇ ಅರ್ಧ ತರಗತಿಗೆ ಬೆವರು. ಒಬ್ಬ ನೆಲ ನೋಡಿಕೊಂಡು ನಿಂತ. ಇನ್ನೊಬ್ಬ, ‘ಪರವಾಗಿಲ್ಲ ಮೇಡಂ, ಕಿಟಕಿ ಐತಲ್ಲ’ ಅಂದು ಹೋಗಿ ಕೂತ.

ಈ ಹುಡುಗಿಯ ಸರದಿ ಬಂತು. ಬಂದಳು. ನನ್ನ ಕಡೆ ನೋಡಲೇ ಇಲ್ಲ. ಮುಂದಿನ ಬೆಂಚಿನಲ್ಲಿದ್ದ ಗೆಳತಿಯ ಕಡೆ ತಿರುಗಿ, ಮನೆ ಮುಂದೆ ನಿಂತು ಮಾತಾಡುವವಳ ಹಾಗೆ ಶುರು ಮಾಡಿದಳು: ‘ಏನಕ್ಕಾ, ಇವತ್ತು ಬಿಸ್ಲು ಒಳೀಕೇ ಬಂದ್ಬುಟ್ಟೈತಲ್ಲ. ಪಾಪ, ನಮ್ಮ ಮೇಡಂಗೆ ಎಷ್ಟು ಕೆಲ್ಸ ಅಂತೀಯ, ತಲೆ ಎತ್ತಿ ಫ್ಯಾನ್ ನೋಡಾಕೂ ಪುರ್ಸೊತ್ತಿಲ್ಲ.’

ನಾನು ತಲೆ ಎತ್ತಿ ಫ್ಯಾನ್ ನೋಡಿದೆ. ತರಗತಿ ಗೊಳ್ಳೆಂದಿತು. ಅಷ್ಟು ಹೊತ್ತಿನಲ್ಲಿ ನನ್ನನ್ನು ಫ್ಯಾನ್ ನೋಡುವ ಹಾಗೆ ಮಾಡಿದ್ದು ಅವಳೊಬ್ಬಳೇ. ನಾನು ಅವಳಿಗೆ ಹತ್ತಕ್ಕೆ ಮೂರು ಅಂಕ ಕೊಟ್ಟೆ.

ಯಾಕೆ ಹೀಗೆ ಸುತ್ತಿ ಬಳಸಿ ಹೇಳಿದೆ ಅಂತ ಕೇಳಿದ್ದಕ್ಕೆ ಅವಳು ಬೇಸರವಿಲ್ಲದೆ ವಿವರಿಸಿದಳು. ‘ನಮ್ಮಜ್ಜಿ ಇಂಗೇ ಮೇಡಂ. ಪಕ್ಕದ ಮನೆಯೋರ ಬಚ್ಚಲು ನೀರು ನಮ್ಮ ಬಾಗ್ಲಿಗೆ ಹರಿದ್ರೆ ಅವ್ರತ್ರ ಹೋಗಾಕಿಲ್ಲ. ಮ್ಯಾಕೆ ಕಟ್ಟಾಕ್ತಾ ಮ್ಯಾಕೆಗೆ ಹೇಳ್ತಾಳೆ, ಕೆಸ್ರು ತುಳೀಬ್ಯಾಡ ಕಣೇ, ನಮ್ಮ ಪಕ್ಕದೋರು ಒಳ್ಳೇರು, ನೋಡಿದ್ರೆ ಆಗ್ಲೇ ಕಾಲ್ವೆ ತೆಗೀತಿದ್ರು, ನೋಡಿಲ್ಲ ಅಷ್ಟೇಯ ಅಂತ. ಅವ್ರಿಗೂ ಕೇಳುಸ್ತೈತೆ. ನಾಕ್ ದಿನದಾಗೆ ಕಾಲ್ವೆ ಆಗಿರ್ತೈತೆ. ಎದುರಿಗೇ ಹೇಳ್ಬುಟ್ರೆ ಅವ್ರಿಗೆ ಅವಮಾನ, ನಮ್ಗೆ ಜಗಳ. ಮ್ಯಾಕೆಗೆ ಹೇಳಿದ್ರೆ ಕೇಳ್ದೋರಿಗೆ ಸರಿ ಮಾಡ್ಕಳಾಕೆ ಒಸಿ ಜಾಗ ಇರ್ತೈತೆ.’

‘ಆಫೀಸಿನಲ್ಲಿ ಮೇಕೆ ಕಟ್ಟಿರುವುದಿಲ್ಲಮ್ಮ’ ಅಂದೆ ನಾನು.

ಮತ್ತೆ ನಗೆ. ಅವಳೂ ನಕ್ಕಳು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಆ ವಾರ ಶಿರಾದಲ್ಲೂ ಪಾವಗಡದಲ್ಲೂ ಈ ಕತೆ ಹೇಳಿ ಮಕ್ಕಳನ್ನು ನಗಿಸಿದೆ.

ಅವಳ ಮೇಕೆಯ ವಿದ್ಯೆ ಎಂಥದ್ದು ಅಂತ ನನಗೆ ಕಣ್ಣಾರೆ ಕಾಣಿಸಿತ್ತು ಅನ್ನುವುದೇ ಈಗ ಹೆಚ್ಚು ಚುಚ್ಚುತ್ತದೆ. ಆ ಕಾಲೇಜಿನ ಹೆಣ್ಣುಮಕ್ಕಳ ಶೌಚಾಲಯದ ಬಾಗಿಲಿಗೆ ಒಳಚಿಲಕ ಇರಲಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ನಾನೂ ಹಾಗೇ ಹೋಗಿ ಬರುತ್ತಿದ್ದೆ. ಅಲ್ಲಿನ ಉಪನ್ಯಾಸಕಿಯರು ಎರಡು ಸಲ ಅರ್ಜಿ ಕೊಟ್ಟಿದ್ದರು, ಅರ್ಜಿ ಎಲ್ಲೋ ಫೈಲಿನಲ್ಲಿ ಮಲಗಿತ್ತು. ಒಂದು ದಿನ ಪ್ರಿನ್ಸಿಪಾಲರು ವರಾಂಡದಲ್ಲಿ ಬರುತ್ತಿದ್ದಾಗ ಈ ಹುಡುಗಿ ಕಸ ಗುಡಿಸುವ ಆಯಮ್ಮನಿಗೆ ಹೇಳಿದಳು: ‘ನೀನ್ಯಾಕೆ ಬಾಗ್ಲಾಗೆ ನಿಂತ್ಕತೀಯ ಬುಡು ಆಯಮ್ಮ. ನಮ್ಮ ಸಾರ್‌ಗೆ ಇದು ಗೊತ್ತೇ ಇಲ್ಲ ಅನ್ಸುತ್ತೆ. ಅವ್ರೂ ಹೆಣ್ಮಕ್ಳಿರೋರು, ಗೊತ್ತಿದ್ರೆ ಒಂದು ದಿನ ಬುಡ್ತಿರ್ಲಿಲ್ಲ.’ ಪ್ರಿನ್ಸಿಪಾಲರು ಏನೂ ಕೇಳದವರ ಹಾಗೆ ದಾಟಿ ಹೋದರು. ಮುಂದಿನ ಸೋಮವಾರ ನಾನು ಹೋದಾಗ ಬಾಗಿಲಿಗೆ ಹೊಸ ಚಿಲಕ ಬಿದ್ದಿತ್ತು. ಆ ಚಿಲಕ ಹಾಕಿಕೊಂಡು ಹೊರಗೆ ಬಂದು, ತರಗತಿಗೆ ಹೋಗಿ, ನೇರವಾಗಿ ಮಾತಾಡುವುದು ಹೇಗೆ ಅಂತ ಪಾಠ ಮಾಡಿದೆ.

ನಲವತ್ತು ತರಗತಿ ಅವಳನ್ನು ತಿದ್ದಿದೆ. ಕಣ್ಣು ನೋಡು ಅಂದೆ, ನೋಡಿದಳು. ‘ಪಾಪ’ ಅನ್ನಬೇಡ, ‘ಏನೋ’ ಅನ್ನಬೇಡ, ‘ಅಂತೆ’ ಅನ್ನಬೇಡ ಅಂದೆ, ಬಿಟ್ಟಳು. ದೂರು ಬರೆಯಲು ನಾಲ್ಕು ಸಾಲಿನ ಒಂದು ಅಚ್ಚು ಇದೆ ನನ್ನದು. ಏನಾಗಿದೆ, ಯಾರಿಗೆ ತೊಂದರೆ, ಏನು ಮಾಡಬೇಕು, ಯಾವತ್ತಿನೊಳಗೆ. ಯಾರಿಗೆ ಸೇರಬೇಕೋ ಅವರಿಗೆ ಬರೆ, ಅವರ ಮೇಲಿನವರಿಗೆ ಕಾಪಿ ಹಾಕು. ಕೆಲಸಕ್ಕೆ ಸೇರಿದ ಮೊದಲ ವರ್ಷ ನನಗೂ ಒಂದು ಕಾಪಿ ಹಾಕಿ, ಹೇಗೆ ಬರೆದಿದ್ದೀರಿ ಅಂತ ನಾನು ನೋಡಬೇಕು. ಎಲ್ಲ ಬ್ಯಾಚಿಗೂ ಹೀಗೇ ಹೇಳುತ್ತಿದ್ದೆ, ಯಾರೂ ಹಾಕುತ್ತಿರಲಿಲ್ಲ.

ಕೊನೆಗೆ ಅವಳು ಎಷ್ಟು ಚೆನ್ನಾಗಿ ಮಾತಾಡತೊಡಗಿದಳು ಅಂದರೆ ಸಂಸ್ಥೆಯವರು ಬಂದು ವಿಡಿಯೋ ಮಾಡಿಕೊಂಡು ಹೋದರು. ಕುರಿ ಕಾಯುವ ಹುಡುಗಿ ಇಂಗ್ಲಿಷಿನಲ್ಲಿ ತನ್ನ ಪರಿಚಯ ಮಾಡಿಕೊಳ್ಳುವ ವಿಡಿಯೋ. ಅದರಲ್ಲಿ ಪಕ್ಕದಲ್ಲಿ ಹಲ್ಲು ಬಿಟ್ಟುಕೊಂಡು ನಿಂತಿರುವವಳು ನಾನು.

ಅವಳಿಗೆ ಪಾವಗಡದ ಕಡೆ ಕೆಲಸ ಸಿಕ್ಕಿತು. ಅಲ್ಲಿ ಸೋಲಾರ್ ಪ್ಲೇಟುಗಳನ್ನು ನೋಡಿಕೊಳ್ಳುವ ಗುತ್ತಿಗೆಯ ಒಂದು ಕಂಪನಿಯ ಆಫೀಸಿನಲ್ಲಿ ಸಹಾಯಕಿ. ಪ್ಲೇಟು ಒರೆಸಲು, ನಡುವಿನ ಹುಲ್ಲು ಕೀಳಲು ಸುತ್ತಲ ಹಳ್ಳಿಯ ಹೆಂಗಸರು ಬರುತ್ತಾರೆ, ಅವರ ಹಾಜರಿ ಬರೆಯುವುದು ಅವಳ ಕೆಲಸ. ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ಬಸ್ಸು ಅವಳ ಊರಿನ ಮೇಲೆಯೇ ಹೋಗುವುದರಿಂದ ಓಡಾಟಕ್ಕೂ ಸಲೀಸು. ಗುರುವಾರ ಪಾವಗಡಕ್ಕೆ ಹೋಗುವಾಗ ಬಸ್ಸಿನಲ್ಲಿ ಸಿಗುತ್ತಿದ್ದಳು, ಕೊರಳಿನಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ. ‘ಒಂದು ವರ್ಷ ನೋಡಾನ ಅಂದವ್ರೆ ಮೇಡಂ ನಮ್ಮಪ್ಪ. ಕೆಲ್ಸ ನಿಂತ್ರೆ ಸರಿ, ಇಲ್ಲಾಂದ್ರೆ ಮದ್ವೆ. ಸೋದರಮಾವ ಕಾಯ್ತಾ ಅವ್ನೆ’ ಅಂತ ಒಂದು ದಿನ ನಗುತ್ತಲೇ ಹೇಳಿದಳು. ಆ ಮಾವನಿಗೂ ಅವಳಿಗೂ ಹದಿನೇಳು ವರ್ಷದ ಅಂತರ. ಕೆಲಸ ಉಳಿಯುವುದು ಅವಳಿಗೆ ಎಷ್ಟು ಮುಖ್ಯ ಅಂತ ನನಗೆ ಗೊತ್ತಿರಲಿಲ್ಲ ಅನ್ನುವ ಹಾಗಿಲ್ಲ.

ಐದು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಅವಳ ಫೋನು ಬಂತು. ನಾನು ದೋಸೆ ಹೊಯ್ಯುತ್ತಿದ್ದೆ.

‘ಮೇಡಂ, ಇಲ್ಲಿ ಹೆಂಗಸ್ರಿಗೆ ಮರೆ ಇಲ್ಲ.’

ಮೊದಲು ಅಲ್ಲೊಂದು ಜಾಲಿ ಗಿಡದ ಪೊದೆ ಇತ್ತಂತೆ, ಹಳ್ಳ ಇತ್ತಂತೆ. ಈಗ ಕಣ್ಣು ಹಾಯುವಷ್ಟು ದೂರ ಪ್ಲೇಟು. ಗಿಡ ಬೆಳೆದರೆ ನೆರಳು ಬೀಳುತ್ತದೆ ಅಂತ ಒಂದು ಪೊದೆಯನ್ನೂ ಉಳಿಸಿಲ್ಲ. ಆಫೀಸಿನಲ್ಲಿ ಶೌಚಾಲಯ ಇದೆ, ಆದರೆ ಕೂಲಿಯವರನ್ನು ಒಳಗೆ ಬಿಡುವುದಿಲ್ಲ. ಹೆಂಗಸರು ಬೆಳಿಗ್ಗೆಯಿಂದ ನೀರೇ ಕುಡಿಯದೆ ಸಂಜೆವರೆಗೆ ಆ ಬಿಸಿಲಿನಲ್ಲಿ ಕೆಲಸ ಮಾಡುತ್ತಾರೆ. ಹಿಂದಿನ ದಿನ ಒಬ್ಬಳು ತಲೆ ಸುತ್ತಿ ಬಿದ್ದಿದ್ದಳು.

‘ನಮ್ಮ ಮೇಸ್ತ್ರಿ ಟೀ ಕುಡಿಯಾಕೆ ಬತ್ತಾನೆ’ ಅಂದಳು. ‘ಅವ್ನ ಅಕ್ಕನೂ ಪ್ಲೇಟ್ ಒರೆಸೋಕೆ ಬತ್ತಾಳೆ. ಟೀ ಕೊಡೋ ಅಜ್ಜಿ ಹತ್ರ ನಾನು ಮಾತಾಡೋ ಹಂಗೆ, ಅವ್ನಿಗೆ ಕೇಳುಸೋ ಹಂಗೆ ಹೇಳಾನ ಅಂತಿದ್ದೀನಿ. ನಾಕ್ ತಗಡು ಹೊಡೆದ್ರೆ ಆಗೋಯ್ತದೆ. ಸರೀನಾ ಮೇಡಂ?’

ಒಲೆಯ ಮೇಲೆ ದೋಸೆ ಸೀಯುತ್ತಿತ್ತು. ನನಗೆ ರೇಗಿತು. ಇಷ್ಟೆಲ್ಲ ಕಲಿಸಿದ ಮೇಲೂ ಮತ್ತೆ ಅದೇ ಮೇಕೆ!

‘ಐದು ತಿಂಗಳಿಂದ ಆಫೀಸಿನಲ್ಲಿ ಕೂತಿದ್ದೀಯ, ಇನ್ನೂ ಹಟ್ಟಿಯ ಬುದ್ಧಿ ಬಿಟ್ಟಿಲ್ಲವಲ್ಲಮ್ಮ’ ಅಂದೆ. ‘ಇದು ಹಕ್ಕು. ಟೀ ಅಂಗಡಿಯಲ್ಲಿ ಆಡುವ ಮಾತಲ್ಲ. ಬರೆ. ಮ್ಯಾನೇಜರಿಗೆ ಬರೆ, ಮೇಲಿನವರಿಗೆ ಕಾಪಿ ಹಾಕು.’

ಹಟ್ಟಿಯ ಬುದ್ಧಿ ಅಂದೆ. ಅವಳ ಅಜ್ಜಿಗೆ ಅಂದ ಮಾತು ಅದು. ಅವಳು ‘ಆಯ್ತು ಮೇಡಂ’ ಅಂದಳು.

ಮಧ್ಯಾಹ್ನ ಬರೆದು ಫೋನಿನಲ್ಲೇ ಓದಿ ಹೇಳಿದಳು. ಎರಡು ಕಡೆ ‘ದಯವಿಟ್ಟು’ ಇತ್ತು, ಒಂದು ತೆಗೆಸಿದೆ. ‘ಸಾಧ್ಯವಾದರೆ’ ಅಂತ ಬರೆದಿದ್ದಳು, ಅದನ್ನೂ ತೆಗೆಸಿದೆ. ‘ನಿಮಗೆ ಗೊತ್ತಿರಲಿಕ್ಕಿಲ್ಲ’ ಅಂತ ಒಂದು ಮಾತಿನಿಂದ ಶುರು ಮಾಡಿದ್ದಳು. ಅಲ್ಲೇ ಇತ್ತು ಅವಳ ಅಜ್ಜಿ ಬಿಡುತ್ತಿದ್ದ ಜಾಗ, ಮ್ಯಾನೇಜರಿಗೆ ಮಾನ ಉಳಿಸಿಕೊಳ್ಳಲು ಇದ್ದ ಒಂದೇ ಒಂದು ಕಿಂಡಿ. ಬೇಡದ ಮಾತು, ತೆಗಿ ಅಂದೆ. ಕೊನೆಗೆ ಉಳಿದದ್ದು ನಾಲ್ಕು ಸಾಲು. ಏಳು ವರ್ಷದಲ್ಲಿ ನನ್ನ ಮಕ್ಕಳು ಬರೆದದ್ದರಲ್ಲಿ ಅದಕ್ಕಿಂತ ಚೆನ್ನಾದ್ದು ಇಲ್ಲ. ಸೋಮವಾರ ಅವಳು ಮೇಲ್ ಕಳಿಸಿದಳು, ಹೇಳಿದ ಹಾಗೆ ನನಗೂ ಒಂದು ಕಾಪಿ ಹಾಕಿ. ಆ ದಿನವೆಲ್ಲ ನಾನು ಬೀಗುತ್ತಿದ್ದೆ.

ಮಾರನೆಯ ದಿನ ಶಿರಾದಲ್ಲಿ ಸಂಸ್ಥೆಯ ತಿಂಗಳ ಸಭೆ. ಸಭೆ ಮುಗಿದ ಮೇಲೆ ಸಂಯೋಜಕರು ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡರು. ನನಗಿಂತ ಹತ್ತು ವರ್ಷ ಚಿಕ್ಕವರು, ಆದರೂ ನಾನು ಸಾರ್ ಅನ್ನಬೇಕು. ತಮ್ಮ ಫೋನು ನನ್ನ ಮುಂದೆ ಹಿಡಿದರು. ಆ ನಾಲ್ಕು ಸಾಲು ಅವರ ಫೋನಿಗೂ ಬಂದಿತ್ತು.

‘ಕಂಪನಿಯವರು ಬೆಂಕಿಯಾಗಿದ್ದಾರೆ ಮೇಡಂ. ಹೆಡ್ ಆಫೀಸಿಗೇ ಕಾಪಿ ಹಾಕಿದ್ದಾಳೆ ಈ ಹುಡುಗಿ. ಮುಂದಿನ ಬ್ಯಾಚಿನಿಂದ ಒಬ್ಬರನ್ನೂ ತಗೊಳ್ಳಲ್ಲ ಅಂತಿದ್ದಾರೆ. ನಿಮ್ಮ ಹೆಸರೂ ಕಾಪಿಯಲ್ಲಿದೆ. ನೀವು ಹೇಳಿಕೊಟ್ಟಿದ್ದಾ?’

ಕಣ್ಣು ನೋಡಿ ಉತ್ತರ ಕೊಡಬೇಕು. ನಾನು ಮೇಲೆ ತಿರುಗುತ್ತಿದ್ದ ಫ್ಯಾನ್ ನೋಡಿದೆ. ಅದು ಮೇ ತಿಂಗಳು, ಜೂನ್ ಹತ್ತಿರವಿತ್ತು. ಒಪ್ಪಂದದ ಕಾಗದ ಅವರ ಚೀಲದಲ್ಲೇ ಇದೆ ಅಂತ ನನಗೆ ಗೊತ್ತಿತ್ತು.

‘ಪತ್ರದ ಅಚ್ಚು ಮಾತ್ರ ನಾನು ಹೇಳಿಕೊಟ್ಟಿದ್ದು ಸಾರ್’ ಅಂದೆ. ‘ಒಳಗೆ ಬರೆದದ್ದೆಲ್ಲ ಅವಳದೇ.’

‘ಹಾಗಾದರೆ ಅಷ್ಟನ್ನೇ ಬರೆದು ಎಲ್ಲರಿಗೂ ಉತ್ತರ ಹಾಕಿಬಿಡಿ. ಇಲ್ಲೇ ಹಾಕಿ.’

ಅಲ್ಲೇ, ಅದೇ ಮಾತನ್ನು ಇಂಗ್ಲಿಷಿನಲ್ಲಿ ಬರೆದು ಹಾಕಿದೆ. ನಾಲ್ಕು ಸಾಲು, ಒಂದು ಪದ ಹೆಚ್ಚಿಲ್ಲ. ಏನಾಗಿದೆ, ಯಾರ ತಪ್ಪು, ಸಂಸ್ಥೆಗೂ ಇದಕ್ಕೂ ಸಂಬಂಧವಿಲ್ಲ, ಸೂಕ್ತ ಕ್ರಮ ಕೈಗೊಳ್ಳಿ. ಕಳಿಸುವ ಮುಂಚೆ ವಿಳಾಸಗಳ ಸಾಲಿನಲ್ಲಿ ಅವಳ ಹೆಸರು ಕಾಣಿಸಿತು. ಎಲ್ಲರಿಗೂ ಅಂದರೆ ಅವಳಿಗೂ. ಅದನ್ನೊಂದು ಅಳಿಸಬಹುದಾಗಿತ್ತು. ಸಂಯೋಜಕರು ನನ್ನ ಬೆರಳನ್ನೇ ನೋಡುತ್ತಿದ್ದರು. ಒತ್ತಿಬಿಟ್ಟೆ. ಆಮೇಲೆ ಅವರು ನನಗೆ ಟೀ ತರಿಸಿಕೊಟ್ಟರು, ನಾನು ಕುಡಿದೆ.

ಆ ಗುರುವಾರ ಅವಳು ಬಸ್ಸಿನಲ್ಲಿ ಇರಲಿಲ್ಲ. ಅದರ ಮುಂದಿನ ಗುರುವಾರವೂ ಇಲ್ಲ. ಫೋನ್ ಮಾಡೋಣ ಅಂತ ಹತ್ತು ಸಲ ತೆಗೆದು ಹತ್ತು ಸಲ ಇಟ್ಟೆ. ಮೂರನೇ ವಾರ, ಪ್ಲೇಟು ಒರೆಸಲು ಹೋಗುವ ಹೆಂಗಸೊಬ್ಬಳು ಪಕ್ಕದಲ್ಲಿ ಕೂತಿದ್ದಳು. ಆಫೀಸಿನಲ್ಲಿದ್ದ ಆ ಹುಡುಗಿ ಎಲ್ಲಿ ಹೋದಳಮ್ಮ ಅಂತ ಏನೂ ಅರಿಯದವಳ ಹಾಗೆ ಕೇಳಿದೆ.

‘ತೆಗೆದುಬುಟ್ರು ಕಣಮ್ಮ. ಕಲಿಸ್ದೋರೇ ಅವಳ್ದು ತಪ್ಪು ಅಂತ ಬರೆದುಕೊಟ್ರಂತೆ, ಇನ್ನೇನ್ ಮಾಡಾಕಾಯ್ತದೆ? ಹೋಗೋ ದಿನ ಟೀ ಅಜ್ಜಿ ಹತ್ರ ಕುಂತ್ಕಂಡು ಏನೋ ಹೇಳ್ತಿದ್ಲು. ಮೇಸ್ತ್ರಿ ಅಲ್ಲೇ ನಿಂತಿದ್ದ. ನಮ್ಮ ಮೇಸ್ತ್ರಿಗೆ ಅವರಕ್ಕ ಅಂದ್ರೆ ಪ್ರಾಣ ಕಣಜ್ಜಿ, ಅಕ್ಕ ನೀರು ಕುಡಿಯದೆ ಇರೋದು ಅವ್ರ್ ಕಣ್ಣಿಗೆ ಬಿದ್ದಿಲ್ಲ ಅಷ್ಟೇಯ ಅಂತ. ಎಂಟು ದಿನ ಆಗಿಲ್ಲ, ತಗಡು ಹೊಡ್ಸವ್ನೆ. ಈಗ ನೀರು ಕುಡೀತೀವಿ ನೋಡವ್ವ.’

ಅವಳು ತಗಡಿನ ಮರೆಯ ಬಗ್ಗೆ ಇನ್ನೂ ಏನೇನೋ ಹೇಳುತ್ತಿದ್ದಳು. ನನಗೆ ಆ ಬಸ್ಸಿನಿಂದ ಇಳಿದುಬಿಡಬೇಕು ಅನ್ನಿಸಿತು. ಇಳಿಯಲಿಲ್ಲ, ಹತ್ತು ಗಂಟೆಗೆ ಪಾವಗಡದಲ್ಲಿ ತರಗತಿ ಇತ್ತು.

ಜೂನ್‌ನಲ್ಲಿ ನನ್ನ ಒಪ್ಪಂದ ಹೊಸದಾಯಿತು.

ಅವಳನ್ನು ನಾನು ಮತ್ತೆ ನೋಡಿದ್ದು ಕಾರ್ತಿಕದಲ್ಲಿ, ಮಧುಗಿರಿ ಬಸ್ ಸ್ಟಾಂಡಿನಲ್ಲಿ, ಸಂಜೆ ನಾಲ್ಕರ ಹೊತ್ತಿಗೆ. ಕೊರಟಗೆರೆ ಬಸ್ಸಿಗೆ ಕಾಯುತ್ತಿದ್ದೆ. ಅವಳು ಕಲ್ಲು ಬೆಂಚಿನ ಮೇಲೆ ಕೂತಿದ್ದಳು, ಮಡಿಲಲ್ಲಿ ಒಂದು ಮೇಕೆ ಮರಿ, ಅದರ ಕಾಲಿಗೆ ದನದ ಆಸ್ಪತ್ರೆಯ ಪಟ್ಟಿ ಕಟ್ಟಿತ್ತು. ಕೊರಳಲ್ಲಿ ಹೊಸ ಅರಿಶಿನದ ದಾರ. ನೋಡಿಯೂ ನೋಡದ ಹಾಗೆ ಆಚೆ ಹೋಗಬಹುದಾಗಿತ್ತು. ಅದಕ್ಕೂ ನನಗೆ ಧೈರ್ಯ ಸಾಲಲಿಲ್ಲ. ಹೋಗಿ ಅದೇ ಬೆಂಚಿನ ಈ ತುದಿಯಲ್ಲಿ ಕೂತೆ.

‘ಹೇಗಿದ್ದೀಯಮ್ಮ?’

ಅವಳು ನನ್ನ ಕಡೆ ತಿರುಗಲಿಲ್ಲ. ಕಣ್ಣು ನೋಡಿ ಮಾತಾಡುವುದನ್ನು ನಲವತ್ತು ತರಗತಿ ಕಲಿತವಳು, ಮರಿಯ ಕಿವಿ ಸವರುತ್ತಾ ಮರಿಯ ಜೊತೆ ಮಾತಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

‘ಯಾಕ್ಲಾ ಹಂಗೆ ನಡುಗ್ತೀಯ? ಹೆದ್ರುಕಬ್ಯಾಡ. ಮೇಡಂ ಒಳ್ಳೇರು ಕಣ್ಲಾ, ಅವ್ರೇನೂ ಮಾಡಿಲ್ಲ. ಅಚ್ಚು ಮಾತ್ರ ಅವ್ರು ಹೇಳ್ಕೊಟ್ಟಿದ್ದು. ಒಳಗೆ ಬರೆದಿದ್ದೆಲ್ಲ ನಮ್ದೇ.’

ನಾನು ಇಂಗ್ಲಿಷಿನಲ್ಲಿ ಬರೆದಿದ್ದ ಮಾತು, ಒಂದಕ್ಷರ ತಪ್ಪದೆ ಅವಳ ಕನ್ನಡದಲ್ಲಿ ನನ್ನ ಪಕ್ಕದಲ್ಲೇ ಬಂದು ಕೂತಿತು. ಆಮೇಲೆ ಅವಳು ಮರಿಯ ಪಟ್ಟಿಯನ್ನು ಬಿಚ್ಚಿ, ಮತ್ತೆ ಮೊದಲಿಂದ, ನಿಧಾನವಾಗಿ ಸುತ್ತತೊಡಗಿದಳು. ಅವಸರವೇ ಇರಲಿಲ್ಲ ಅವಳಿಗೆ. ಕೇಳಿದವರಿಗೆ ಸರಿ ಮಾಡಿಕೊಳ್ಳಲು ಒಸಿ ಜಾಗ ಇರುತ್ತದೆ ಅಂದಿದ್ದಳಲ್ಲ, ಆ ಜಾಗವನ್ನು ನನಗೂ ಬಿಟ್ಟಿದ್ದಳು. ತಪ್ಪು ನನ್ನದಮ್ಮ ಅನ್ನಬೇಕಾಗಿತ್ತು. ಮರಿಗೆ ಹೇಳಿದ್ದರೂ ಸಾಕಾಗಿತ್ತು.

ಕೊರಟಗೆರೆ ಬಸ್ಸು ಬಂತು. ಸೀಟು ಸಿಗುವುದಿಲ್ಲ ಅಂತ ನಾನು ಎದ್ದು ಹೋಗಿ ಹತ್ತಿದೆ.